ಫಿಂಚ್ ಬಾಣಂತನ: ಮಡಕೆಯೋ ಡಬ್ಬಿಯೋ, ಪುಡಿಯೋ ಬಿಸಿನೀರೋ

ನಮ್ಮ ಮನೆಯ ಪಂಜರದ ಪುಟ್ಟ ಹಕ್ಕಿಗಳಾದ ಜೀಬ್ರಾ ಫಿಂಚ್‌ಗಳ ಮೊದಲ ಮರಿಗಳಲ್ಲಿ ಎರಡು ಸತ್ತದ್ದು ಹುಟ್ಟಿದ ಆರನೇ ದಿನ. ಹೊಟ್ಟೆಗೆ ಸಾಲದೆ ಸತ್ತವು ಅಂದುಕೊಂಡೆ. ಇನ್ನೊಂದು ಚಮಚ ಬೇಯಿಸಿದ ಮೊಟ್ಟೆ ಜಾಸ್ತಿ ಇಟ್ಟೆ. ಉಳಿದ ಎರಡನ್ನು ಕೈಯಲ್ಲಿ ಹಿಡಿದು ನೋಡಿದಾಗಲೇ ನನ್ನ ಲೆಕ್ಕ ತಪ್ಪು ಅಂತ ಗೊತ್ತಾದದ್ದು. ಕತ್ತಿನ ಪಕ್ಕದ ಚೀಲ ತುಂಬಿ ಉಬ್ಬಿತ್ತು. ತೆಳು ಚರ್ಮದ ಅಡಿಯಲ್ಲಿ ನವಣೆ ಕಾಳು ಎಣಿಸುವಷ್ಟು ಚೆನ್ನಾಗಿ ಕಾಣುತ್ತಿತ್ತು. ಹೊಟ್ಟೆ ತುಂಬಿದ ಮರಿ ಯಾಕೆ ಬಿಳಿಚಿಕೊಳ್ಳಬೇಕು? ಬಾಯಿ ತೆರೆದರೆ ಒಳಗೆ ಕೆಂಪೇ ಇಲ್ಲ.

ಅವತ್ತು ರಾತ್ರಿ ನನ್ನ ಮೊಣಕೈ ತನಕ ತುರಿಕೆ. ಹನ್ನೊಂದು ಗಂಟೆಗೆ ಎದ್ದು ಮೊಬೈಲ್ ಟಾರ್ಚ್ ಹಾಕಿ ಪಂಜರ ನೋಡಿದೆ. ಪ್ಲೈವುಡ್ ಡಬ್ಬಿಯ ಮೂಲೆಯ ಸಂದಿನಲ್ಲಿ ಯಾರೋ ಕುಂಕುಮ ಚೆಲ್ಲಿದ ಹಾಗಿತ್ತು. ಬೆಳಕು ಬಿದ್ದ ಕೂಡಲೇ ಆ ಕುಂಕುಮ ಹರಿದಾಡಿತು.

ಕೆಂಪು ನುಸಿ ಅಂದರೆ ಇದು. ಅತ್ತೆಯ ಊರಲ್ಲಿ ಕೋಳಿ ಹೇನು ಅಂತ ಒಟ್ಟಿಗೆ ಕರೆಯುವ ಹುಳುಗಳಲ್ಲಿ ಇದೂ ಒಂದು, ಆದರೆ ಹೇನಲ್ಲ. ಹೇನು ಹಕ್ಕಿಯ ಮೈಮೇಲೇ ಇರುತ್ತದೆ. ಇದು ಹಗಲೆಲ್ಲ ಸಂದಿಯಲ್ಲಿ ಅಡಗಿ, ರಾತ್ರಿ ಬಂದು ರಕ್ತ ಹೀರಿ, ಮತ್ತೆ ಸಂದಿ ಸೇರುತ್ತದೆ. ಹಸಿದಾಗ ಬೂದು ಬಣ್ಣ, ರಕ್ತ ಕುಡಿದ ಮೇಲೆ ಕೆಂಪು. ದೊಡ್ಡದು ಅಂದರೆ ಒಂದು ಮಿಲಿಮೀಟರ್. ಹುಟ್ಟಿದಾಗ ಮರಿಯ ತೂಕವೇ ಒಂದು ಗ್ರಾಂ ಆಸುಪಾಸು. ಅಷ್ಟು ಚಿಕ್ಕ ಜೀವದಿಂದ ರಾತ್ರಿಯೆಲ್ಲ ನೂರಾರು ಬಾಯಿ ಹೀರಿದರೆ ಏನು ಉಳಿದೀತು?

ಬೆಳಿಗ್ಗೆ ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಅಯ್ಯೋ, ಇದು ತಿಗಣೆ ಬುದ್ಧಿ ಕಣೇ. ಮಂಚಕ್ಕೆ ಕುದಿಯೋ ನೀರು ಹುಯ್ಯಬೇಕು, ಮಲಗಿದವರಿಗೆ ಮದ್ದು ಹಚ್ಚಿದ್ರೆ ಏನು ಬಂತು?" ಅಂದರು. ಆಗ ನಾನು ಕೇಳಲಿಲ್ಲ. ಇಂಟರ್ನೆಟ್ಟಿನಲ್ಲಿ ಓದಿದ್ದೆನಲ್ಲ! ಆಮೇಲೆ ಎರಡು ವರ್ಷ, ಮೂರು ಜೋಡಿ, ಮೂರು ಥರದ ಗೂಡು, ಐದು ಥರದ ಮದ್ದು ಆಯಿತು. ಇದು ಲ್ಯಾಬ್ ಪರೀಕ್ಷೆ ಅಲ್ಲ. ಬೆಂಗಳೂರಿನ ಒಂದು ಬಾಲ್ಕನಿಯ ಅನುಭವ, ಅಷ್ಟೇ.

ಮೊದಲು ಗೂಡು. ಪೇಟೆಯಲ್ಲಿ ಸಿಗುವುದು ಮೂರು: ಪ್ಲೈವುಡ್ ಡಬ್ಬಿ, ಹೆಣೆದ ಬುಟ್ಟಿ, ಬದಿಯಲ್ಲಿ ತೂತಿರುವ ಮಣ್ಣಿನ ಮಡಕೆ.

ಡಬ್ಬಿ ನೋಡಲು ಚೆಂದ, ಮುಚ್ಚಳ ತೆಗೆದು ಮರಿ ನೋಡುವುದು ಸುಲಭ, ಒಳಗೆ ಬೆಚ್ಚಗೂ ಇರುತ್ತದೆ. ನಾನು ಶುರು ಮಾಡಿದ್ದು ಇದರಲ್ಲೇ. ಆದರೆ ಪ್ಲೈವುಡ್ ಅಂದರೆ ಪದರ ಪದರ. ಮೊಳೆ ಹೊಡೆದ ಜಾಗ, ಅಂಚು, ಕೊಕ್ಕೆ ಹಾಕುವ ಹಿಂಬದಿ, ಎಲ್ಲ ಕಡೆ ನುಸಿಗೆ ಮನೆ. ಬಿಸಿನೀರು ಹಾಕಿದರೆ ಪದರ ಬಿಚ್ಚಿಕೊಂಡು ಇನ್ನಷ್ಟು ಸಂದಿ. ಒಂದು ಬಾಣಂತನಕ್ಕೆ ಸರಿ, ಎರಡನೆಯದಕ್ಕೆ ಬೇಡ.

ಬುಟ್ಟಿ ಫಿಂಚ್‌ಗಳಿಗೆ ತುಂಬ ಇಷ್ಟ. ಹಾಕಿದ ದಿನವೇ ಗಂಡು ಒಳಗೆ ಹೋಗಿ ಪೀಂ ಪೀಂ ಅಂತ ಹೆಂಡತಿಯನ್ನು ಕರೆಯಿತು. ಆದರೆ ಬುಟ್ಟಿ ಪೂರ್ತಿ ಸಂದಿಗಳ ಗಂಟು, ತೊಳೆಯಲು ಆಗುವುದೇ ಇಲ್ಲ. ಐವತ್ತು ರೂಪಾಯಿ ಕೊಟ್ಟು ತಂದದ್ದನ್ನು ಪ್ರತಿ ಸಲ ಎಸೆಯುವ ಮನಸ್ಸಿದ್ದರೆ ಮಾತ್ರ ತನ್ನಿ.

ಮಡಕೆಗೆ ನಾನು ಕೊನೆಗೆ ಬಂದೆ, ಅಲ್ಲೇ ನಿಂತೆ. ಸಂದಿಯೇ ಇಲ್ಲ. ಒಳಗೆ ಕೈಯಾಡಿಸಿದರೆ ಎಲ್ಲ ಒಂದೇ ಮೈ. ಕುದಿಯುವ ನೀರಿಗೂ ಬಿಸಿಲಿಗೂ ಜಗ್ಗುವುದಿಲ್ಲ. ತೊಂದರೆ ಇಲ್ಲ ಅಂತಲ್ಲ. ತಳ ನುಣುಪು. ತಾಯಿ ಹುಲ್ಲನ್ನು ಬದಿಗೆ ತಳ್ಳಿಬಿಟ್ಟರೆ ಬರಿ ಮಣ್ಣಿನ ಮೇಲೆ ಮರಿಯ ಕಾಲು ಜಾರಿ, ಎರಡೂ ಪಕ್ಕಕ್ಕೆ ಹರಡಿಕೊಂಡು ಹಾಗೇ ಬಲಿತುಬಿಡಬಹುದು. ನಮ್ಮಲ್ಲಿ ಒಂದಕ್ಕೆ ಹೀಗೆ ಶುರುವಾಗಿತ್ತು, ಬೇಗ ಕಂಡಿದ್ದರಿಂದ ಉಳಿಯಿತು. ಈಗ ತಳಕ್ಕೆ ಎರಡು ಬೆರಳು ದಪ್ಪ ತೆಂಗಿನ ನಾರು ಒತ್ತಿ, ಮೇಲೆ ಒಣಗಿದ ಗರಿಕೆ ಹಾಕುತ್ತೇನೆ. ನಾರನ್ನು ಎರಡು ಮೂರು ಇಂಚಿಗೆ ಕತ್ತರಿಸಲೇಬೇಕು. ಉದ್ದ ಎಳೆ ಮರಿಯ ಕಾಲಿಗೆ ಸುತ್ತಿಕೊಂಡರೆ ಕಾಲೇ ಹೋಗುತ್ತದೆ. ಹತ್ತಿ, ಉಲ್ಲನ್ ನೂಲು ಇದೇ ಕಾರಣಕ್ಕೆ ಬೇಡ. ಮೊಟ್ಟೆ ಇಡಲು ಶುರು ಮಾಡಿದ ಮೇಲೆ ಪಂಜರದಲ್ಲಿ ಹುಲ್ಲಿನ ಕಡ್ಡಿಯೂ ಇರಬಾರದು. ಜೀಬ್ರಾ ಫಿಂಚ್‌ಗೆ ಗೂಡು ಕಟ್ಟುವ ಹುಚ್ಚು ಬಿಡುವುದಿಲ್ಲ, ಇಟ್ಟ ಮೊಟ್ಟೆಯ ಮೇಲೇ ಇನ್ನೊಂದು ಹಾಸಿಗೆ ಹಾಸಿಬಿಡುತ್ತದೆ!

ಈಗ ಮದ್ದಿನ ವಿಷಯ. ಇಲ್ಲೇ ನಾನು ಜಾಸ್ತಿ ದುಡ್ಡು ಕಳೆದದ್ದು.

ಬೇವಿನಸೊಪ್ಪು ಎಲ್ಲರೂ ಹೇಳುವ ಮದ್ದು. ನೆರಳಲ್ಲಿ ಒಣಗಿಸಿ ಬುಟ್ಟಿಯ ತಳಕ್ಕೆ ಹಾಕಿದೆ. ಮೂರನೇ ರಾತ್ರಿ ನೋಡಿದರೆ ನುಸಿ ಆ ಎಲೆಯ ಮೇಲೇ ನಡೆದು ಹೋಗುತ್ತಿತ್ತು. ಹಕ್ಕಿಗೆ ತೊಂದರೆ ಆಗಲಿಲ್ಲ, ನುಸಿಗೂ ಆಗಲಿಲ್ಲ. ಇದ್ದರೆ ಇರಲಿ, ಅದನ್ನೇ ನಂಬಿ ಕೂರಬೇಡಿ. ಕರ್ಪೂರ, ನುಸಿಗುಳಿಗೆ ಇಡಿ ಅಂತಲೂ ಕೆಲವರು ಹೇಳಿದರು. ಅದು ಮಾತ್ರ ಖಂಡಿತ ಬೇಡ. ಹಕ್ಕಿಯ ಶ್ವಾಸಕೋಶ ತುಂಬ ಸೂಕ್ಷ್ಮ, ನುಸಿಗುಳಿಗೆಯ ಆವಿ ಅವಕ್ಕೆ ವಿಷ.

ಆಮೇಲೆ ಡಯಾಟಮೇಷಿಯಸ್ ಅರ್ತ್, ಅಂಗಡಿಯವರ ಬಾಯಲ್ಲಿ ಡಿಇ ಪುಡಿ. ನೀರಿನಲ್ಲಿ ಬದುಕುವ ಡಯಾಟಮ್ ಅನ್ನುವ ಸೂಕ್ಷ್ಮ ಜೀವಿಗಳ ಪಳೆಯುಳಿಕೆಯ ಪುಡಿ ಇದು. ನುಸಿಯ ಮೈಮೇಲಿನ ಮೇಣದ ಪದರ ಕೆಡಿಸಿ ಅದನ್ನು ಒಣಗಿಸಿ ಕೊಲ್ಲುತ್ತದೆ. ವಿಷವಲ್ಲ, ನಿಜ. ಆದರೆ ಒಣಗಿದ್ದರೆ ಮಾತ್ರ ಕೆಲಸ. ನಾನು ಹಾಕಿದ್ದು ಆಗಸ್ಟಿನಲ್ಲಿ, ವಾರವೆಲ್ಲ ಜಿಟಿಜಿಟಿ ಮಳೆ. ಮರಿಗಳ ಹಿಕ್ಕೆಯ ಪಸೆ ಬೇರೆ. ಎರಡು ದಿನಕ್ಕೆ ಪುಡಿ ಮುದ್ದೆಯಾಯಿತು. ಅದಕ್ಕಿಂತ ಭಯ ಹುಟ್ಟಿಸಿದ್ದು ಧೂಳು. ತಾಯಿ ಒಳಗೆ ರೆಕ್ಕೆ ಬಡಿದರೆ ಬಾಗಿಲಿನಿಂದ ಬಿಳಿ ಹೊಗೆಯಂತೆ ಏಳುತ್ತಿತ್ತು. ಕಣ್ಣು ಬಿಡದ ಮರಿಗಳ ಮೂಗಿಗೆ ಆ ಧೂಳು ಬೇಕಾ? ಈಗ ಅದನ್ನು ಒಂದೇ ಕಡೆ ಬಳಸುತ್ತೇನೆ: ಬೇಸಿಗೆಯಲ್ಲಿ, ಪಂಜರದ ಸ್ಟ್ಯಾಂಡಿನ ಕಾಲುಗಳ ಸುತ್ತ. ತರುವುದಾದರೆ ಆಹಾರ ದರ್ಜೆಯದನ್ನೇ ತನ್ನಿ, ಈಜುಕೊಳದ ಫಿಲ್ಟರಿಗೆ ಹಾಕುವುದು ಬೇರೆ, ಅದು ಇನ್ನೂ ಅಪಾಯ.

ಪೈರೆಥ್ರಿನ್ ಸ್ಪ್ರೇ ಕೆಲಸ ಮಾಡಿತು. ಸೇವಂತಿಗೆ ಜಾತಿಯ ಒಂದು ಹೂವಿನಿಂದ ತೆಗೆಯುವ ಮದ್ದು ಅದು. ಹಕ್ಕಿಗಳನ್ನು ಬೇರೆ ಪಂಜರಕ್ಕೆ ಹಾಕಿ, ಖಾಲಿ ಪಂಜರಕ್ಕೆ ಹೊಡೆದು, ಪೂರ್ತಿ ಒಣಗಿದ ಮೇಲೆ ವಾಪಸ್ ಬಿಟ್ಟೆ. ಆದರೆ ಗೂಡಲ್ಲಿ ಮರಿ ಇರುವಾಗ ಇದು ಉಪಯೋಗಕ್ಕಿಲ್ಲ, ಅಲ್ವಾ? ನಮಗೆ ಬೇಕಾಗುವುದೇ ಆಗ. ಮನೆಯಲ್ಲಿ ಮೀನಿನ ತೊಟ್ಟಿ ಇದ್ದರೆ ಹತ್ತಿರವೂ ಹೊಡೆಯಬೇಡಿ, ಮೀನು ಉಳಿಯುವುದಿಲ್ಲ.

ಐವರ್ಮೆಕ್ಟಿನ್ ಅನ್ನುವ, ಹುಳು ನುಸಿ ಕೊಲ್ಲುವ ಔಷಧಿಯ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಹಕ್ಕಿ ಸಾಯುವುದು. ಒಂದು ಔಷಧಿ ಅಂಗಡಿಯಲ್ಲಿ ದನಕ್ಕೆ ಕೊಡುವ ಇಂಜೆಕ್ಷನ್ ಬಾಟಲಿ ತೋರಿಸಿ, "ಒಂದು ಹನಿ ಕತ್ತಿಗೆ ಹಾಕಿ ಮೇಡಂ, ಏನೂ ಆಗಲ್ಲ" ಅಂದರು. ಮನೆಗೆ ಬಂದು ಲೆಕ್ಕ ಹಾಕಿದೆ. ಅದು ಶೇ 1ರ ಮದ್ದು, ಅಂದರೆ 1 ಮಿ.ಲೀ.ಗೆ 10 ಮಿ.ಗ್ರಾಂ. ಒಂದು ಹನಿ ಸುಮಾರು 0.05 ಮಿ.ಲೀ., ಅದರಲ್ಲಿ 0.5 ಮಿ.ಗ್ರಾಂ. ಹಕ್ಕಿಗಳಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಒಂದು ಕೆ.ಜಿ. ತೂಕಕ್ಕೆ 0.2 ಮಿ.ಗ್ರಾಂ. ನನ್ನ ಫಿಂಚ್ 13 ಗ್ರಾಂ. ಅದಕ್ಕೆ ಬೇಕಾದದ್ದು 0.0026 ಮಿ.ಗ್ರಾಂ. ಆ ಒಂದು ಹನಿಯಲ್ಲಿ ಅದರ ಸುಮಾರು 190 ಪಟ್ಟು! ಬಾಟಲಿ ವಾಪಸ್ ಕೊಟ್ಟು ಹಕ್ಕಿ ನೋಡುವ ಪಶುವೈದ್ಯರ ಹತ್ತಿರ ಹೋದೆ. ಅವರು ತೂಕ ಮಾಡಿ, ತೆಳು ಮಾಡಿದ ಮದ್ದನ್ನು ಕತ್ತಿನ ಹಿಂದಿನ ಚರ್ಮಕ್ಕೆ ಮುಟ್ಟಿಸಿದರು. ಎರಡು ವಾರ ಬಿಟ್ಟು ಇನ್ನೊಂದು ಸಲ. ಗೂಡಿನ ಮರಿಗಳಿಗೆ ಬೇಡವೇ ಬೇಡ ಅಂದರು. ದೊಡ್ಡ ಹಕ್ಕಿಗಳಿಗೆ ಆರಾಮ ಸಿಕ್ಕಿತು. ಆದರೆ ರಕ್ತ ಕುಡಿಯಲು ಬಂದ ನುಸಿ ಮಾತ್ರ ಸಾಯುತ್ತದೆ, ಸಂದಿಯ ಮೊಟ್ಟೆಗಳು ಹಾಗೇ ಇರುತ್ತವೆ. ಮಂಚಕ್ಕೆ ಹುಯ್ಯದೆ ಮಲಗಿದವರಿಗೆ ಮದ್ದು ಕೊಟ್ಟ ಹಾಗಾಯಿತು.

ಕೊನೆಗೆ ಅತ್ತೆಯ ಬಿಸಿನೀರು.

ಈಗ ಮಾಡುವುದು ಹೀಗೆ. ಪ್ರತಿ ಜೋಡಿಗೆ ಒಂದೇ ಅಳತೆಯ ಎರಡು ಮಡಕೆ. ಒಂದು ಗೂಡಾಗಿರುವಾಗ ಇನ್ನೊಂದು ಕುದಿನೀರು ಕಂಡು, ಬಿಸಿಲಲ್ಲಿ ಒಣಗಿ ಕಾಯುತ್ತಿರುತ್ತದೆ. ಮರಿಗಳಿಗೆ ಎಂಟು ದಿನ ಆದಾಗ ಬೆಳಿಗ್ಗೆ ಹತ್ತರ ಹೊತ್ತಿಗೆ ಮಡಕೆ ಬದಲಾಯಿಸುತ್ತೇನೆ. ಅಷ್ಟು ಹೊತ್ತಿಗೆ ಅಪ್ಪ ಅಮ್ಮ ಒಂದು ಸುತ್ತು ಗುಟುಕು ಕೊಟ್ಟಾಗಿರುತ್ತದೆ, ಕತ್ತಲಾಗಲು ಇನ್ನೂ ಹೊತ್ತಿರುತ್ತದೆ. ಸ್ಟೀಲ್ ಬಟ್ಟಲಿನಲ್ಲಿ ಮೆತ್ತನೆಯ ಬಟ್ಟೆ, ಬಟ್ಟಲಿನ ಕೆಳಗೆ ಉಗುರುಬೆಚ್ಚಗಿನ ನೀರಿನ ಪಾತ್ರೆ. ಮರಿಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕಿ, ಮೆತ್ತಗಿನ ಬ್ರಷ್ಷಿನಿಂದ ರೆಕ್ಕೆಯ ಅಡಿ, ಕುತ್ತಿಗೆ ಒರೆಸಿ ಹೊಸ ಮಡಕೆಗೆ. ಹೊಸ ಮಡಕೆ ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ, ಬಾಯಿ ಅದೇ ದಿಕ್ಕಿಗೆ ಇರಬೇಕು. ಮೊದಲ ಸಲ ಇಪ್ಪತ್ತು ನಿಮಿಷ ನಾನೂ ಇವರೂ ಪರದೆ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆವು. ಗಂಡು ಇಣುಕಿ ನೋಡಿತು, ಹೋಯಿತು, ಮತ್ತೆ ಇಣುಕಿತು. ಒಳಗಿನಿಂದ ಮರಿಗಳ ಚಿರಿಚಿರಿ ಕೇಳಿದ್ದೇ ತಡ, ನುಗ್ಗಿತು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಸುಳ್ಳು ಭಯ. ಆದರೆ ಕಾವು ಕೂತಿರುವಾಗ, ಆ 12–14 ದಿನ, ಗೂಡು ಅಲ್ಲಾಡಿಸಬೇಡಿ. ಆಗ ಬಿಟ್ಟು ಎದ್ದರೂ ಎದ್ದುಬಿಡಬಹುದು.

ಹಳೆಯ ಹುಲ್ಲು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಕಸಕ್ಕೆ. ಫ್ರೀಜರಿನಲ್ಲಿಟ್ಟರೂ ಸಾಯುತ್ತವೆ ಅಂದೆ, ಅತ್ತೆ ನೋಡಿದ ನೋಟಕ್ಕೆ ಮತ್ತೆ ಆ ಮಾತು ಎತ್ತಲಿಲ್ಲ. ಹಕ್ಕಿ ಕೂರುವ ಕೋಲಿನ ತುದಿಗಳನ್ನೂ ಕುದಿನೀರಿಗೆ ಅದ್ದಬೇಕು. ಎಲ್ಲರೂ ಮರೆಯುವ ಜಾಗ ಅದೇ. ಬೆಚ್ಚಗಿದ್ದರೆ ನುಸಿ ಮೊಟ್ಟೆಯಿಂದ ಬಲಿಯಲು ಒಂದು ವಾರ ಸಾಕು, ಹಾಗಾಗಿ ವಾರಕ್ಕೊಮ್ಮೆ, ಮೂರು ವಾರ ಈ ಕೆಲಸ. ನಡುವೆ ರಾತ್ರಿ ಪಂಜರದ ಮೇಲೆ ಬಿಳಿ ಪಂಚೆಯ ತುಂಡು ಹೊದಿಸುತ್ತೇನೆ. ಬೆಳಿಗ್ಗೆ ಅದರ ಮಡಿಕೆಯಲ್ಲಿ ಕೆಂಪು ಚುಕ್ಕೆ ಇದ್ದರೆ ನುಸಿ ಇನ್ನೂ ಇದೆ. ಉಗುರಿನಿಂದ ಒತ್ತಿದರೆ ರಕ್ತದ ಗೆರೆ ಬೀಳುತ್ತದೆ.

ಊಟದಲ್ಲೂ ಎರಡು ದಾರಿ ನೋಡಿದೆ. ಒಂದು ಜೋಡಿಗೆ ಬೇಯಿಸಿದ ಮೊಟ್ಟೆಯನ್ನು ಸಿಪ್ಪೆ ಸಮೇತ ಹಿಸುಕಿ, ಇನ್ನೊಂದಕ್ಕೆ ಮೊಳಕೆ ನವಣೆ ಮಾತ್ರ. ಮೊಟ್ಟೆ ತಿಂದ ಮನೆಯ ಮರಿಗಳು 18ನೇ ದಿನ ಗೂಡು ಬಿಟ್ಟವು, ಇನ್ನೊಂದು ಮನೆಯವು 21ಕ್ಕೆ. ಎರಡೂ ಸಾಮಾನ್ಯವೇ, ಆದರೆ ಮೈಕಟ್ಟಿನಲ್ಲಿ ವ್ಯತ್ಯಾಸ ಕಾಣುತ್ತಿತ್ತು. ಇಟ್ಟ ಎರಡು ಗಂಟೆಯೊಳಗೆ ಮೊಟ್ಟೆಯನ್ನು ತೆಗೆಯದಿದ್ದರೆ ನಮ್ಮ ಸೆಖೆಗೆ ಹಳಸುತ್ತದೆ. ಮೊಳಕೆ ಹುಳಿ ವಾಸನೆ ಬಂದರೆ ಅದೂ ಕಸಕ್ಕೆ. ಈಗ ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಮೊಳಕೆ. ಸುಣ್ಣದಂಶಕ್ಕೆ ಗ್ರಂಧಿಗೆ ಅಂಗಡಿಯ ಸಮುದ್ರ ನೊರೆ, ಅಂದರೆ ಕಟಲ್ ಮೀನಿನ ಒಳಗಿನ ಬಿಳಿ ಚಿಪ್ಪು. ಕೈಯಿಂದ ಗುಟುಕು ಕೊಡುವ ಸಾಹಸ ನಾನು ಮಾಡಲಿಲ್ಲ, ಅಷ್ಟು ಚಿಕ್ಕ ಗಂಟಲಿಗೆ ಅಪ್ಪ ಅಮ್ಮನೇ ಸರಿ. ಗೂಡು ಬಿಟ್ಟ ಮೇಲೂ 35 ದಿನ ತುಂಬುವ ತನಕ ಮರಿಗಳನ್ನು ಬೇರೆ ಮಾಡಬೇಡಿ.

ಅಂದ ಹಾಗೆ, ಇದೆಲ್ಲ ಪಂಜರದಲ್ಲೇ ಹುಟ್ಟಿ ಬೆಳೆದ ಆಸ್ಟ್ರೇಲಿಯಾ ಮೂಲದ ಫಿಂಚ್‌ಗಳ ಮಾತು. ನಮ್ಮ ಗದ್ದೆಯ ರಾಟವಾಳ (ಮುನಿಯಾ) ಹಕ್ಕಿಗಳನ್ನು ಯಾರಾದರೂ ಮಾರಿದರೆ ಕೊಳ್ಳಬೇಡಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅವನ್ನು ಹಿಡಿಯುವುದೂ ಸಾಕುವುದೂ ಅಪರಾಧ.

ಇಷ್ಟಾದರೂ ನುಸಿ ಎಲ್ಲಿಂದ ಬರುತ್ತಿತ್ತು ಅಂತ ತಿಳಿಯಲು ಒಂದು ವರ್ಷ ಹಿಡಿಯಿತು. ಪಂಜರದಿಂದ ಮೂರು ಅಡಿ ಆಚೆ, ಎ.ಸಿ. ಪೆಟ್ಟಿಗೆಯ ಹಿಂದೆ, ಪಾರಿವಾಳದ ಗೂಡಿತ್ತು. ಮರಿಗಳು ಹಾರಿಹೋದ ಮೇಲೆ ಇವರು ಅದನ್ನು ತೆಗೆದು ಬಲೆ ಕಟ್ಟಿಸಿದರು. ಗೂಡು ಹಿಡಿದ ಕೈ ರಾತ್ರಿಯೆಲ್ಲ ತುರಿಸಿಕೊಂಡರು. ಅತ್ತೆ ಒಳಗಿನಿಂದ, "ಬಿಸಿನೀರು ಇಟ್ಟಿದೀನಿ, ಸ್ನಾನ ಮಾಡ್ಕೊಂಡು ಬಾರೋ" ಅಂದರು.