ಮೆಟ್ಟಿಲ ಕೆಳಗಿನ ಟ್ರಾಲಿ ಕಪಾಟು: ಆರು ವರ್ಷ ಬಳಸಿದ ಮೇಲೆ

ಐದಕ್ಕೆ ಮೂರೂವರೆ ಅಂಕ. ಕಳೆದ ಒಂದೂವರೆಯಲ್ಲಿ ಹೆಚ್ಚಿನದು ಕೆಳಗಿನ ಅಂಚು ಉಬ್ಬಿದ್ದಕ್ಕೆ. ಅದರ ವಿಷಯ ಮುಂದೆ ಬರುತ್ತದೆ.

ಕಪಾಟು ಇರುವುದು ಮಾಮೂಲಿ ಆರ್‌ಸಿಸಿ ಮೆಟ್ಟಿಲ ಮೊದಲ ಸಾಲಿನ ಕೆಳಗೆ. ಮೆಟ್ಟಿಲ ಅಗಲ 3 ಅಡಿ, ಒಂದೊಂದು ಮೆಟ್ಟಿಲಿನ ಎತ್ತರ 6.5 ಇಂಚು, ಕಾಲಿಡುವ ಜಾಗ 10.5 ಇಂಚು. ಹೊರಗೆಳೆಯುವ ಎರಡು ಟ್ರಾಲಿ, ಎತ್ತರದ ತುದಿಗೆ ಒಂದು ಬಾಗಿಲಿನ ಕಪಾಟು. ಎಲ್ಲವೂ 18 ಎಂಎಂ ಬಿಡಬ್ಲ್ಯುಪಿ ಪ್ಲೈ (ಕುದಿಯುವ ನೀರನ್ನೂ ತಡೆಯುವ ದರ್ಜೆ, ಐಎಸ್ 710), ಹೊರಗೆ 1 ಎಂಎಂ ಲ್ಯಾಮಿನೇಟ್, ಒಳಗೆ 0.8 ಎಂಎಂ.

ಈ ಅಳತೆಯಲ್ಲಿ ಸ್ಲ್ಯಾಬಿನ ತಳ ಒಂದು ಅಡಿಗೆ ಸುಮಾರು ಏಳೂವರೆ ಇಂಚು ಏರುತ್ತದೆ. ಸ್ಲ್ಯಾಬ್ ನೆಲ ಮುಟ್ಟುವಲ್ಲಿಂದ 20 ಇಂಚು ದೂರಕ್ಕೆ ಸಿಗುವ ಎತ್ತರ ಬರೀ 12 ಇಂಚು. ಅಷ್ಟು ಭಾಗವನ್ನು ಮುಚ್ಚಿ ಮರೆತುಬಿಡಿ. ಅಲ್ಲೂ ಡ್ರಾಯರ್ ಮಾಡಿಸಿದರೆ ದುಡ್ಡು ದಂಡ. 20ರಿಂದ 40 ಇಂಚಿನವರೆಗೆ ಮೊದಲ ಟ್ರಾಲಿ, 40ರಿಂದ 60ರವರೆಗೆ ಎರಡನೆಯದು. ಅಲ್ಲಿಗೆ ಎತ್ತರ 37 ಇಂಚು ಆಗಿರುತ್ತದೆ. ಮಿಕ್ಕಿದ್ದು ಬಾಗಿಲಿನ ಕಪಾಟಿಗೆ. ಟ್ರಾಲಿಯ ಮುಖಹಲಗೆ ಓರೆಯಾಗಿದ್ದರೂ ಒಳಪೆಟ್ಟಿಗೆ ಚೌಕವಾಗಿಯೇ ಇರಲಿ. ಓರೆ ಪೆಟ್ಟಿಗೆಯಲ್ಲಿ ಡಬ್ಬಿ ಜೋಡಿಸುವುದು ತಲೆನೋವು.

ಚಾನೆಲ್ (ಡ್ರಾಯರ್ ಜಾರಲು ಎರಡೂ ಪಕ್ಕಕ್ಕೆ ಹಾಕುವ ಲೋಹದ ಹಳಿ) ಹಾಕಿಸಬೇಕೋ ಚಕ್ರ ಹಾಕಿಸಬೇಕೋ ಎಂದರೆ ಕಣ್ಣುಮುಚ್ಚಿ ಚಕ್ರ. ಅಂಗಡಿಯಲ್ಲಿ ಸಲೀಸಾಗಿ ಸಿಗುವ ಟೆಲಿಸ್ಕೋಪಿಕ್ ಚಾನೆಲ್ 20–24 ಇಂಚಿನದು, ಜೋಡಿಗೆ 35–45 ಕಿಲೋ ತಡೆಯುವಂಥದ್ದು. ಇಲ್ಲಿ ಆಳ 33 ಇಂಚು, ಖಾಲಿ ಪೆಟ್ಟಿಗೆಯೇ ಇಪ್ಪತ್ತು ಕಿಲೋ ದಾಟುತ್ತದೆ. ಅದಕ್ಕೆ ಅಕ್ಕಿ ಮೂಟೆ, ಹಬ್ಬದ ಪಾತ್ರೆ ಸೇರಿದರೆ ಚಾನೆಲ್ ಬಾಗದೆ ಇರುತ್ತದೆಯೇ?

ಚಕ್ರದಲ್ಲೂ ಆಯ್ಕೆ ಇದೆ. ಸುತ್ತ ತಿರುಗುವ ಚಕ್ರ ಹಾಕಿದರೆ, ಎಳೆದದ್ದನ್ನು ಒಳಗೆ ತಳ್ಳುವಾಗ ನಾಲ್ಕೂ ಚಕ್ರ ಅರ್ಧ ಸುತ್ತು ಹೊರಳಿ ಟ್ರಾಲಿಯನ್ನು ಒಂದಿಂಚು ಪಕ್ಕಕ್ಕೆ ಒಯ್ಯುತ್ತವೆ. ಆಗ ಮುಖಹಲಗೆ ಪಕ್ಕದ ಹಲಗೆಗೆ ಬಡಿದು ಲ್ಯಾಮಿನೇಟ್ ಮೂಲೆ ಕಿತ್ತುಬರುತ್ತದೆ. ನಾಲ್ಕೂ ನೇರ ಚಕ್ರವೇ ಇರಲಿ, 50 ಎಂಎಂ, ನೈಲಾನ್ ಅಥವಾ ಪಿಯು (ಪಾಲಿಯುರೆಥೇನ್). ಕಪ್ಪು ರಬ್ಬರ್ ಚಕ್ರ ವಿಟ್ರಿಫೈಡ್ ಟೈಲ್ಸ್ ಮೇಲೆ ಗೆರೆ ಬಿಡುತ್ತದೆ. ನೆಲ ಕೊಂಚ ವಾಟವಾಗಿದ್ದರೂ ಟ್ರಾಲಿ ತಾನೇ ಹೊರಗೆ ಬರುತ್ತದೆ. ಒಂದು ಮ್ಯಾಗ್ನೆಟ್ ಕ್ಯಾಚ್ ಬೇಕೇ ಬೇಕು. ಹಿಂಗೋಡೆಗೆ ರಬ್ಬರ್ ಬಫರ್ ಕೂಡ. ಇನ್ನೊಂದು: ಎದುರಿಗೆ ಮೂರಡಿ ಖಾಲಿ ಜಾಗ ಇಲ್ಲದಿದ್ದರೆ ಟ್ರಾಲಿ ಪೂರ್ತಿ ಹೊರಬರುವುದಿಲ್ಲ. ಇಕ್ಕಟ್ಟು ಪ್ಯಾಸೇಜಿನವರು ಈ ಯೋಚನೆ ಬಿಡುವುದೇ ಒಳ್ಳೆಯದು.

ಈಗ ಆ ಉಬ್ಬಿದ ಅಂಚು. ನಮ್ಮ ಮನೆಗಳಲ್ಲಿ ದಿನಾ ನೆಲ ಒರೆಸುತ್ತೇವೆ. ಒದ್ದೆ ಮಾಪು ಮುಖಹಲಗೆಯ ಬುಡಕ್ಕೆ ದಿನವೂ ತಾಗುತ್ತದೆ. ಪ್ಲೈ ಜಲನಿರೋಧಕವೇ, ಅನುಮಾನವಿಲ್ಲ. ಆದರೆ ಅಂಚುಪಟ್ಟಿಯ ಗೋಂದು ಬಿಟ್ಟ ಕಡೆ ನೀರು ನುಗ್ಗಿ ಲ್ಯಾಮಿನೇಟ್ ಮೇಲೇಳುತ್ತದೆ. ಮೂರನೇ ಮಳೆಗಾಲದ ಹೊತ್ತಿಗೆ ಬುಡದಲ್ಲಿ ಬೆರಳಗಲ ಉಬ್ಬು ಕಾಣಿಸಿತು. ಪರಿಹಾರ ಸುಲಭ: ಮುಖಹಲಗೆಯನ್ನು ನೆಲದಿಂದ 12 ಎಂಎಂ ಮೇಲೆ ನಿಲ್ಲಿಸಿ, ಬುಡದ ಅಂಚಿಗೆ 2 ಎಂಎಂ ಪಿವಿಸಿ ಪಟ್ಟಿ ಅಂಟಿಸಿ, ಅದರ ಮೇಲೆ ಯು ಆಕಾರದ ಅಲ್ಯೂಮಿನಿಯಂ ಪಟ್ಟಿ ತೊಡಿಸಿ. ಇದನ್ನು ಕಾರ್ಪೆಂಟರ್ ತಾನಾಗಿ ಹೇಳುವುದು ಅಪರೂಪ.

ಬಾಗಿಲಿನ ಕಪಾಟಿಗೆ ಹಿಂಜ್ ಎತ್ತರದ ಬದಿಯಲ್ಲೇ ಇರಬೇಕು, ಕನಿಷ್ಠ ಮೂರು. ಗಿಡ್ಡ ಬದಿಗೆ ಹಾಕಿದರೆ ಭಾರವೆಲ್ಲ ಆಚೆ ತುದಿಗೆ ಬಿದ್ದು ಬಾಗಿಲು ಜೋಲುತ್ತದೆ. ಈ ಕಪಾಟಿನ ತಳಕ್ಕೆ ಮಾತ್ರ ಪ್ಲೈ ಬದಲು ನಾಲ್ಕು ಇಂಚು ಎತ್ತರಿಸಿ ಕಡಪ ಕಲ್ಲು ಹಾಕಿಸಿದ್ದು ಇಡೀ ಕೆಲಸದಲ್ಲಿ ಅತ್ಯಂತ ಜಾಣ ಖರ್ಚು. ಹಿಂಗೋಡೆಗೂ ಹಲಗೆಗೂ ಒಂದಿಂಚು ಬಿಡುವು ಇರಲಿ, ಗಾಳಿಯಾಡಲು ಬಾಗಿಲ ಮೇಲೂ ಕೆಳಗೂ ಜಾಲರಿ ಇರಲಿ. ಗಾಳಿ ಇಲ್ಲದಿದ್ದರೆ ಚರ್ಮದ ಬ್ಯಾಗು, ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ. ಗೆದ್ದಲಿನ ಔಷಧಿಯನ್ನು ಗೋಡೆ–ನೆಲ ಸೇರುವಲ್ಲಿ ರಂಧ್ರ ಕೊರೆದು ಮೊದಲೇ ಹಾಕಿಸಬೇಕು. ಕಪಾಟು ಕೂತ ಮೇಲೆ ಡ್ರಿಲ್ ಹಿಂದಕ್ಕೆ ಹೋಗುವುದಿಲ್ಲ. ಮೂಲೆಯಲ್ಲಿ ಮಣ್ಣಿನ ಸಣ್ಣ ಕೊಳವೆ ಕಂಡರೆ ಅದು ಗೆದ್ದಲಿನ ದಾರಿ.

ಗ್ಯಾಸ್ ಸಿಲಿಂಡರ್ ಇಲ್ಲಿ ಇಡಲೇಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಮುಚ್ಚಿದ ಮೂಲೆಯ ನೆಲದಲ್ಲೇ ತಂಗುತ್ತದೆ. ಮಹಡಿಯಿಂದ ಇಳಿದು ಓಡುವ ದಾರಿಯೂ ಇದೇ ಮೆಟ್ಟಿಲು ತಾನೆ! ಯುಪಿಎಸ್‌ನ ಟ್ಯೂಬುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಬಾಗಿಲು ಮುಚ್ಚಿದ ಕಪಾಟಿಗೆ ಅದೂ ಸಲ್ಲದು. ತೆರೆದ ಜಾಗ ಬಿಟ್ಟಿದ್ದರೆ ಮಾತ್ರ ಇಡಬಹುದು, ಡಿಸ್ಟಿಲ್ಡ್ ವಾಟರ್ ಸುರಿಯಲು ಮೇಲೆ ಒಂದಡಿ ಇರಬೇಕು. ಕೆಳಗೆ ಸಂಪ್ ಮುಚ್ಚಳ ಇದ್ದರೆ ಅದರ ಮೇಲೆ ಟ್ರಾಲಿ ಬರುವಂತೆ ಮಾಡಿಸಿ, ಸ್ಥಿರ ಕಪಾಟು ಬೇಡ.

ಬೆಲೆ ಕೇಳುವಾಗ ಎಚ್ಚರ. ಸಾಮಾನ್ಯವಾಗಿ ಮುಂಭಾಗದ ಚದರಡಿ ಲೆಕ್ಕ ಹೇಳುತ್ತಾರೆ. ಟ್ರಾಲಿಗೆ ಒಳಗೆ ಹೋಗುವ ಪ್ಲೈ ಮುಖಹಲಗೆಯ ಹಲವು ಪಟ್ಟು. ಒಳಪೆಟ್ಟಿಗೆ, ಚಕ್ರ, ಅಲ್ಯೂಮಿನಿಯಂ ಪಟ್ಟಿ ಆ ದರದಲ್ಲೇ ಸೇರಿವೆಯೇ ಎಂದು ಅಡ್ವಾನ್ಸ್ ಕೊಡುವ ಮೊದಲು ಬರೆಸಿಕೊಳ್ಳಿ.