ಗ್ರೈಂಡರ್ ಮುಂದಿನ ಮಣೆ ಎತ್ತಿಟ್ಟೆವು: ಹಳೆ ಅಡುಗೆಮನೆಗೆ ಆರ್‌ಸಿಸಿಬಿ, ಶಟರ್ ಸಾಕೆಟ್

ನಮ್ಮದು ಸಾಗರದ ಕಡೆಯ ಹೆಂಚಿನ ಮನೆ. ಮಣ್ಣಿನ ಗೋಡೆ, ಅದರ ಮೇಲೆ ಮರದ ಪಟ್ಟಿ ಹೊಡೆದು ಎಳೆದ ವೈರಿಂಗ್. ಅಡುಗೆಮನೆಗೆಲ್ಲ ಇದ್ದದ್ದು ಒಂದೇ ಸ್ವಿಚ್ ಬೋರ್ಡು. ಅದರ ಸಾಕೆಟ್‌ಗೆ ಮೂರು ತೂತು ಇದ್ದವು, ಆದರೆ ಮೂರನೇ ತೂತಿಗೆ ವೈರೇ ಇರಲಿಲ್ಲ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿಂಗ್ ಅನ್ನುವುದು ಆ ಮನೆ ಕಂಡದ್ದೇ ಇಲ್ಲ. ಮಳೆಗಾಲ ಬಂತೆಂದರೆ ಗ್ರೈಂಡರ್ ಮುಟ್ಟಿದ ಕೈ ಜುಂ ಅನ್ನುತ್ತಿತ್ತು. ಅದಕ್ಕೆ ಅತ್ತೆ ಕಂಡುಕೊಂಡ ಪರಿಹಾರ ಒಂದು ಹಲಸಿನ ಮರದ ಮಣೆ. ಅದರ ಮೇಲೆ ನಿಂತೇ ರುಬ್ಬಬೇಕು, ಬರಿಗಾಲಲ್ಲಿ ನೆಲ ತಾಗಬಾರದು. "ಏನಾಗಲ್ಲ ಬಿಡೇ, ಸ್ವಲ್ಪ ಜುಂ ಅನ್ನತ್ತೆ ಅಷ್ಟೇ" ಅನ್ನುತ್ತಿದ್ದರು. ನನಗೆ ಮಾತ್ರ ಮಕ್ಕಳು ಅಡುಗೆಮನೆಯಲ್ಲಿ ಓಡಾಡುವಾಗಲೆಲ್ಲ ಜೀವ ಕೈಯಲ್ಲಿರುತ್ತಿತ್ತು.

ಕೊನೆಗೆ ಅಡುಗೆಮನೆ ಒಂದಕ್ಕಾದರೂ ಹೊಸ ಲೈನ್ ಎಳೆಸಿದೆವು. ಕರೆಂಟು ಸೋರಿದರೆ ಲೈನ್ ಕಟ್ ಮಾಡುವ 30 ಮಿಲಿ ಆಂಪ್‌ನ ಆರ್‌ಸಿಸಿಬಿ, ಅದರ ಪಕ್ಕ ಓವರ್‌ಲೋಡ್ ಆದರೆ ಕಟ್ ಮಾಡುವ ಎಂಸಿಬಿ, ಸಿಂಕಿನಿಂದ ದೂರಕ್ಕೆ ತೂತಿಗೆ ಒಳಮುಚ್ಚಳ, ಅಂದರೆ ಶಟರ್ ಇರುವ ಸಾಕೆಟ್‌ಗಳು, ಹಿತ್ತಲಲ್ಲಿ ಇದ್ದಿಲು, ಉಪ್ಪು ತುಂಬಿದ ಅರ್ತ್ ಗುಂಡಿ. ಅಂಗಡಿಯಲ್ಲಿ ಹಳೆ ಹೆಸರಿನಲ್ಲಿ ಇಎಲ್‌ಸಿಬಿ ಅಂತ ಕೇಳಿದರೂ ಈಗ ಕೊಡುವುದು ಆರ್‌ಸಿಸಿಬಿಯನ್ನೇ. ಕಂಪನಿ ಯಾವುದು ಅಂತ ಕೇಳಬೇಡಿ, ಐಎಸ್‌ಐ ಗುರುತು ಇರುವ ಯಾವುದಾದರೂ ಆದೀತು. ಕೆಲವು ಮಳೆಗಾಲ ಕಳೆದಿವೆ. ಈಗ ಬರೆಯಬಹುದು ಅನ್ನಿಸಿತು.

ಎಂಸಿಬಿ ಇದ್ದರೆ ಸಾಕಲ್ಲವಾ ಅಂತ ತುಂಬಾ ಜನ ಕೇಳುತ್ತಾರೆ. ಸಾಲದು. 16 ಆಂಪ್‌ನ ಎಂಸಿಬಿ ಕಾಯುವುದು ವೈರನ್ನು, ನಮ್ಮನ್ನಲ್ಲ. ಸುಮಾರು 10 ಮಿಲಿ ಆಂಪ್ ಮೈಯಲ್ಲಿ ಹರಿದರೇ ಹಿಡಿದ ಕೈ ಬಿಡಿಸಿಕೊಳ್ಳುವುದು ಕಷ್ಟ. 30 ದಾಟಿ ಸ್ವಲ್ಪ ಹೊತ್ತು ಹರಿದರೆ ಹೃದಯಕ್ಕೇ ಅಪಾಯ. ಎಂಸಿಬಿ ಲೆಕ್ಕದಲ್ಲಿ ಅದು ಏನೂ ಅಲ್ಲ, ತನ್ನ ಪಾಡಿಗೆ ಸುಮ್ಮನಿರುತ್ತದೆ. ಆರ್‌ಸಿಸಿಬಿ ನೋಡುವುದೇ ಬೇರೆ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅದು ಸದಾ ಲೆಕ್ಕ ಹಾಕುತ್ತಿರುತ್ತದೆ. ಬರಲಿಲ್ಲ ಅಂದರೆ ಎಲ್ಲೋ ಸೋರುತ್ತಿದೆ, ಬಹುಶಃ ಯಾರದೋ ಮೈ ಮೂಲಕ. ತಕ್ಷಣ ಕಟ್. ಅಮೆರಿಕದಲ್ಲಿರುವ ನನ್ನ ತಂಗಿಯ ಅಡುಗೆಮನೆಯಲ್ಲಿ ಸಾಕೆಟ್ ಮೇಲೇ ಟೆಸ್ಟ್, ರೀಸೆಟ್ ಬಟನ್ ಇವೆ, ಅಲ್ಲಿ 5 ಮಿಲಿ ಆಂಪ್ ಆಸುಪಾಸಿನಲ್ಲೇ ಕಟ್ ಆಗುತ್ತದೆ. ನಮ್ಮ ಕಡೆ ಈ ಕೆಲಸವನ್ನು ಬೋರ್ಡಿನಲ್ಲಿ ಕೂತ ಆರ್‌ಸಿಸಿಬಿ ಮಾಡುತ್ತದೆ.

ಹಾಕಿಸಿದ ದಿನವೇ ಅದು ಕೆಲಸ ತೋರಿಸಿತು. ಗ್ರೈಂಡರ್ ಪ್ಲಗ್ ಹಾಕಿ ಸ್ವಿಚ್ ಒತ್ತಿದ್ದೇ ತಡ, ಆರ್‌ಸಿಸಿಬಿ ಟಕ್ ಅಂತ ಬಿತ್ತು, ಕರೆಂಟ್ ಕಟ್. ಮತ್ತೆ ಎತ್ತಿದರೆ ಮತ್ತೆ ಟಕ್. ಮಿಕ್ಸಿ ಹಾಕಿದರೆ ಏನೂ ಇಲ್ಲ. ಅಂದರೆ ಅಷ್ಟು ವರ್ಷ ಜುಂ ಅನ್ನುತ್ತಿದ್ದದ್ದು ಗ್ರೈಂಡರ್ ಮೋಟರಿನ ಸೋರಿಕೆ. ಅರ್ತಿಂಗ್ ಇಲ್ಲದಾಗ ಅದು ದಾರಿ ಸಿಗದೆ ಗ್ರೈಂಡರ್ ಮೈಮೇಲೆಯೇ ಕೂತಿತ್ತು, ಮುಟ್ಟಿದವರ ಮೂಲಕ ಇಳಿಯುತ್ತಿತ್ತು. ಈಗ ಅರ್ತ್ ವೈರಿನಲ್ಲಿ ಹರಿಯಿತು, ಆರ್‌ಸಿಸಿಬಿ ಹಿಡಿಯಿತು.

ಕೆಲಸಕ್ಕೆ ಬಂದವರು ಹೇಳಿದ್ದು ಕೇಳಿ ನನಗೆ ಸಿಟ್ಟು ಬಂತು. "ಪ್ಲಗ್ಗಿನ ದಪ್ಪ ಪಿನ್ ಕಿತ್ತುಬಿಡಿ ಅಕ್ಕ, ಆಮೇಲೆ ಬೀಳಲ್ಲ." ನಿಜ, ಅರ್ತಿಂಗಿನ ಆ ಪಿನ್ ಕಿತ್ತರೆ ಬೀಳದೆ ಇರಬಹುದು. ಆದರೆ ಆಗ ಸೋರಿಕೆ ಮತ್ತೆ ಮುಟ್ಟುವವರಿಗಾಗಿ ಕಾಯುತ್ತಾ ಕೂರುತ್ತದೆ. ಆರ್‌ಸಿಸಿಬಿಯನ್ನೇ ಬಿಟ್ಟು ನೇರ ಲೈನ್ ಕೊಡುವ ಮಾತೂ ಬಂತು. ಎರಡಕ್ಕೂ ಒಪ್ಪಲಿಲ್ಲ. ಮೋಟರನ್ನು ಪೇಟೆಗೆ ಕಳಿಸಿ ರೀವೈಂಡಿಂಗ್, ಅಂದರೆ ಒಳಗಿನ ತಂತಿ ಹೊಸದಾಗಿ ಸುತ್ತಿಸಿದೆವು. ಗ್ರೈಂಡರ್ ವಾಪಸ್ ಬಂದ ಮೇಲೆ ಅದರಿಂದ ಒಂದು ಸಲವೂ ಬಿದ್ದಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ಹೇಳುವವರು ಸಿಕ್ಕೇ ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ.

ಇನ್ನೊಂದು ತಲೆನೋವು ಹಳೆ ಮನೆಗಳದ್ದೇ. ಹಿತ್ತಲ ಲೈಟ್ ಹಾಕಿದರೆ ಆರ್‌ಸಿಸಿಬಿ ಬಿದ್ದು ಅಡುಗೆಮನೆ ಕತ್ತಲಾಗುತ್ತಿತ್ತು! ಹಿಂದೆ ಯಾರೋ ಆ ಲೈಟಿಗೆ ಫೇಸ್ ಜಗುಲಿ ಕಡೆಯಿಂದ, ನ್ಯೂಟ್ರಲ್ ಅಡುಗೆಮನೆಯಿಂದ ಕೊಟ್ಟಿದ್ದರು. ಆ ತುಂಡನ್ನು ಹೊಸ ಲೈನಿಗೂ ಹಾಗೇ ಸೇರಿಸಿದ್ದರು. ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು ಆದರೆ ಲೆಕ್ಕ ತಪ್ಪದೇ ಇರುತ್ತದಾ? ನ್ಯೂಟ್ರಲ್ ಬೇರೆ ಮಾಡಿಸಿದ ಮೇಲೆ ಸರಿಹೋಯಿತು. ವೈರಿಂಗ್ ಮಾಡುವವರಿಗೆ ಈ ವಿಷಯ ಮೊದಲೇ ಹೇಳಿಬಿಡಿ, ಹುಡುಕುವ ಕೂಲಿ ಉಳಿಯುತ್ತದೆ.

ಇಷ್ಟೆಲ್ಲ ಆದ ಮೇಲೆ ಸಿಕ್ಕಿದ ಸುಖ ಇದೆಯಲ್ಲ, ಅದನ್ನು ಹೇಳಲೇಬೇಕು. ಸಂಜೆ ಅಕ್ಕಿ, ಉದ್ದು, ಮೆಂತ್ಯ ನೆನೆದಿರುತ್ತವೆ. ಅತ್ತೆ ಬರಿಗಾಲಲ್ಲಿ ನಿಂತು, ಚೂರು ಚೂರೇ ನೀರು ಚಿಮುಕಿಸುತ್ತಾ ರುಬ್ಬುತ್ತಾರೆ. ಹಿಟ್ಟು ನುಣ್ಣಗಾಯಿತಾ ಅಂತ ನೋಡುವುದಕ್ಕೆ ಮೊದಲು ಸ್ವಿಚ್ ಆರಿಸಿ, ಕೈ ಒರೆಸಿ, ಪ್ಲಗ್ ಕಿತ್ತು, ಆಮೇಲೆ ಬೆರಳು ಹಾಕುತ್ತಿದ್ದರು. ಈಗ ಸ್ವಿಚ್ ಆರಿಸಿದರೆ ಸಾಕು. ಮಣೆಯನ್ನು ಅವರೇ ಎತ್ತಿ ಅಟ್ಟಕ್ಕೆ ಹಾಕಿಸಿದರು. ಆರ್‌ಸಿಸಿಬಿಯಲ್ಲಿ ಟಿ ಅಂತ ಬರೆದ ಚಿಕ್ಕ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಬೇಕು, ಕರೆಂಟ್ ಕಟ್ ಆದರೆ ಅದು ಬದುಕಿದೆ ಅಂತ ಅರ್ಥ. ತಾರೀಕು ನಮಗೆ ಮರೆಯುತ್ತದೆ, ಅತ್ತೆಗೆ ಸಂಕಷ್ಟಿ ಮರೆಯುವುದಿಲ್ಲ. ಹಾಗಾಗಿ ನಮ್ಮಲ್ಲಿ ಸಂಕಷ್ಟಿ ದಿನ ಟೆಸ್ಟ್. ಒತ್ತುವುದೂ ಅವರೇ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ತಿಂಗ್ ಸಪ್ಪೆಯಾಗುತ್ತದೆ, ಆದ್ದರಿಂದ ಏಪ್ರಿಲ್, ಮೇನಲ್ಲಿ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕುತ್ತೇವೆ.

ಆರ್‌ಸಿಸಿಬಿ ಬಗ್ಗೆ ಇಷ್ಟು ಪ್ರೀತಿ ಇದ್ದರೂ ಸಾಕೆಟ್ ಬಗ್ಗೆ ಹಾಗೆ ಹೇಳಲಾರೆ. ಶಟರ್ ಒಳ್ಳೆಯದೇ. ಮಗು ಚಮಚ, ಪಿನ್ನು ತೂರಿಸಿದರೆ ಒಳಗೆ ಹೋಗುವುದಿಲ್ಲ. ಆದರೆ ನಾವು ತಂದ ಸಾಕೆಟ್‌ನಲ್ಲಿ ಮೇಲಿನ ದಪ್ಪ ಪಿನ್ ಒಳಗೆ ಹೋದರೆ ಮಾತ್ರ ಕೆಳಗಿನ ಎರಡು ತೂತು ತೆರೆಯುತ್ತವೆ. ಫೋನ್ ಚಾರ್ಜರಿಗೆ, ಹ್ಯಾಂಡ್ ಬ್ಲೆಂಡರಿಗೆ ಆ ಪಿನ್ನೇ ಇಲ್ಲ! ಆಗ ಜನ ಏನು ಮಾಡುತ್ತಾರೆ? ಮೇಲಿನ ತೂತಿಗೆ ಪೆನ್ನೋ, ಸ್ಕ್ರೂಡ್ರೈವರೋ ಚುಚ್ಚಿ ಶಟರ್ ತೆರೆದು ಎರಡು ಪಿನ್ ತುರುಕುತ್ತಾರೆ. ನಮ್ಮ ಮನೆಗೆ ಬಂದ ನೆಂಟರೊಬ್ಬರು ಹೀಗೇ ಮಾಡಿದರು, ನನ್ನ ಮಗಳು ಕಣ್ಣರಳಿಸಿ ನೋಡುತ್ತಾ ನಿಂತಿದ್ದಳು. ಮಕ್ಕಳನ್ನು ಕಾಯಲು ತಂದ ಸಾಕೆಟ್ಟೇ ಮಕ್ಕಳಿಗೆ ಕಡ್ಡಿ ಚುಚ್ಚುವುದು ಕಲಿಸಿದರೆ ಹೇಗೆ? ಡಬ್ಬದ ಮೇಲೆ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಎರಡೂ ಪಿನ್ ಒಟ್ಟಿಗೆ ಒತ್ತಿದರೆ ತೆರೆಯುವ ಶಟರಿನ ಸಾಕೆಟ್‌ಗಳೂ ಸಿಗುತ್ತವೆ. ಒಂದನ್ನು ಬದಲಿಸಿ ಅಂಥದ್ದು ಹಾಕಿಸಿದೆವು, ಮತ್ತೆ ಖರ್ಚು. ಶುರುವಿನಲ್ಲಿ ಎಲ್ಲವೂ ಬಿಗಿ, ಅತ್ತೆಯ ಗಂಟು ನೋವಿನ ಬೆರಳಿಗೆ ಆಗುವುದೇ ಇಲ್ಲ. ಅದಕ್ಕೇ ಮಿಕ್ಸಿ, ಗ್ರೈಂಡರ್‌ಗೆ ಬೇರೆ ಬೇರೆ ಸಾಕೆಟ್ ಇಟ್ಟು ಪ್ಲಗ್ ಕೀಳದೆ ಹಾಗೇ ಬಿಟ್ಟಿದ್ದೇವೆ.

ಗುಡುಗು ಸಿಡಿಲಿಗೂ ಆರ್‌ಸಿಸಿಬಿ ಬೀಳುವುದುಂಟು. ಮನೆಯಲ್ಲಿ ಯಾರೂ ಇಲ್ಲದಾಗ ಹಾಗಾಗಿ ಫ್ರಿಜ್ಜಿನ ಹಾಲು, ಮೊಸರು ಹಾಳಾದವು. ಫ್ರಿಜ್ಜಿಗೆ ಬೇರೆಯದೇ ಒಂದು ಆರ್‌ಸಿಸಿಬಿ ಹಾಕಿಸಿದೆವು. ಸಿಡಿಲು ಬಂದರೆ ಅದೂ ಬೀಳಬಹುದು, ಆದರೆ ಅಡುಗೆಮನೆಯ ಯಾವುದೋ ಮಿಕ್ಸಿ ಕೆಟ್ಟದ್ದಕ್ಕೆ ಫ್ರಿಜ್ ನಿಲ್ಲುವುದಿಲ್ಲ. ಇನ್ನೊಂದು ನೆನಪಿರಲಿ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಇದಕ್ಕೆ ಗೊತ್ತಾಗದೆ ಹೋಗಬಹುದು. ಓವರ್‌ಲೋಡ್ ಆದರೂ ಇದು ಬೀಳುವುದಿಲ್ಲ, ಅದಕ್ಕೆ ಪಕ್ಕದಲ್ಲಿ ಎಂಸಿಬಿ ಬೇಕೇ ಬೇಕು.

ಖರ್ಚಿನಲ್ಲಿ ಆರ್‌ಸಿಸಿಬಿಯ ಪಾಲು ದೊಡ್ಡದಲ್ಲ, ನಮಗೆ ಬಿದ್ದದ್ದು ಎರಡು ಸಾವಿರದ ಆಸುಪಾಸು. ದುಡ್ಡು ಹೋಗುವುದು ವೈರಿಗೆ, ಗುಂಡಿಗೆ, ಕೂಲಿಗೆ. ಇಡೀ ಮನೆಯ ವೈರಿಂಗ್ ಬದಲಿಸುವ ಶಕ್ತಿ ಇಲ್ಲದವರು ಅಡುಗೆಮನೆಯಿಂದ ಶುರು ಮಾಡಿ, ಅದರಲ್ಲೂ ಅರ್ತಿಂಗ್‌ನಿಂದ. ಈ ವರ್ಷದ ಅಡಿಕೆ ದುಡ್ಡು ಬಂದ ಮೇಲೆ ನಮ್ಮಲ್ಲಿ ಬಚ್ಚಲಮನೆ ಗೀಸರ್ ಮತ್ತು ಬಾವಿ ಪಂಪಿನ ಲೈನಿಗೂ ಹಾಕಿಸುವುದಿದೆ. ಜಗುಲಿಗೂ ಶಟರ್ ಸಾಕೆಟ್ ಬೇಕು. ಈ ಸಲ ಫೋನ್ ಚಾರ್ಜರ್ ಕೈಯಲ್ಲೇ ಹಿಡಿದು ಅಂಗಡಿಗೆ ಹೋಗುತ್ತೇನೆ, ಅಲ್ಲೇ ಹಾಕಿ ನೋಡಿ ತರುತ್ತೇನೆ.