ದೊಡ್ಡಕ್ಷರದ ಕನ್ನಡ ಬೈಬಲ್: ಮೂರು ತಿಂಗಳ ಬಳಕೆಯ ನಂತರ

ತಂದೆಯವರು ತೀರಿಕೊಂಡ ಮೇಲೆ, ಕಣ್ಣಿನ ಪೊರೆಯಿಂದಾಗಿ ಹಳೆಯ ಪ್ರತಿಯನ್ನು ಓದಲಾಗದ ಅವ್ವನಿಗಾಗಿ ಬೀದರಿನ ಪುಸ್ತಕದಂಗಡಿಯೊಂದರಲ್ಲಿ ಈ ದೊಡ್ಡಕ್ಷರದ ಬೈಬಲನ್ನು ಕೊಂಡೆನು. ಅಚ್ಚು ಸ್ಪಷ್ಟವಾಗಿದೆ. ಆದರೆ ಕಾಗದ ಎಷ್ಟು ತೆಳುವೆಂದರೆ ಹಿಂಬದಿಯ ಸಾಲುಗಳು ನೆರಳಿನಂತೆ ಕಾಣುತ್ತವೆ; ಮೂರೇ ತಿಂಗಳಲ್ಲಿ ಹೊಲಿಗೆಯೂ ಬೈಬಲಿನ ಪ್ರಾರ್ಥನಾಗೀತೆಗಳ ಗ್ರಂಥವಾದ ಕೀರ್ತನೆಗಳ ಬಳಿ ಸಡಿಲಗೊಂಡಿದೆ. ಅದಕ್ಕೆ ಬೈಂಡಿಂಗ್ ಮಾಡಿದವರನ್ನಷ್ಟೇ ದೂರುವಂತಿಲ್ಲ.

ಮನೆಗೆ ಬಂದವರೆಲ್ಲ “ಅಳಬ್ಯಾಡ್ರಿ, ದೇವರ ಚಿತ್ತ” ಎಂದು ಹೇಳಿ ಹೋಗುತ್ತಿದ್ದ ದಿನಗಳಲ್ಲಿ ಅವ್ವ 13ನೆಯ ಕೀರ್ತನೆಯ ಮೇಲೆ ಬೆರಳಿಟ್ಟು ಕುಳಿತಿರುತ್ತಿದ್ದಳು. ಇನ್ನೆಷ್ಟು ಕಾಲ ಎಂಬ ಪ್ರಶ್ನೆಯನ್ನು ಅದರ ಮೊದಲ ಎರಡು ವಚನಗಳಲ್ಲೇ ನಾಲ್ಕು ಬಾರಿ ದೇವರಿಗೆ ಕೇಳಲಾಗಿದೆ. ಅಂಥ ಹೆಚ್ಚಿನ ಕೀರ್ತನೆಗಳು ಕೊನೆಗೆ ಭರವಸೆಯತ್ತ ಹೊರಳಿದರೆ, 88ನೆಯದು ಮಾತ್ರ ಕತ್ತಲೆಯಲ್ಲಿಯೇ ಮುಗಿಯುತ್ತದೆ; ಅವ್ವನಿಗೆ ಒಗ್ಗಿದ್ದು ಅದೇ. ಯೇಸು ಶಿಲುಬೆಯ ಮೇಲೆ ಕೂಗಿದ್ದು “ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ” ಎಂಬ 22ನೆಯ ಕೀರ್ತನೆಯ ಮೊದಲ ಮಾತನ್ನೇ ಎಂಬುದನ್ನು ನೆನೆದರೆ, ದೇವರೆದುರು ಗೋಳಾಡುವುದನ್ನು ಅವಿಶ್ವಾಸವೆನ್ನಲು ನನಗಂತೂ ಬಾಯಿ ಬರುವುದಿಲ್ಲ.

ಯೆರೂಸಲೇಮಿನ ಪತನಕ್ಕಾಗಿ ಅತ್ತ ಪ್ರಲಾಪಗಳು ಐದೇ ಅಧ್ಯಾಯಗಳ ಗ್ರಂಥವಾದ್ದರಿಂದ ಹುಡುಕುವುದು ಕಷ್ಟ. ಒಂದೊಂದು ಗ್ರಂಥ ಶುರುವಾಗುವಲ್ಲಿ ಪುಟಗಳ ಅಂಚಿನಲ್ಲಿ ಹೆಬ್ಬೆರಳಿಟ್ಟು ತೆರೆಯುವಂಥ ಗುಳಿಗಳನ್ನು ಕತ್ತರಿಸಿದ್ದರೆ ವಯಸ್ಸಾದವರಿಗೆ ಅನುಕೂಲವಾಗುತ್ತಿತ್ತು. ನಾನೇ ಅಲ್ಲೊಂದು ಕೆಂಪು ದಾರವನ್ನು ಇಟ್ಟಿದ್ದೇನೆ.

ಎರಡು ದಿನ ಬಿಟ್ಟರೆ ಮರುಹೊಲಿಗೆ ಹಾಕಿಸಿಕೊಡುವುದಾಗಿ ಅಂಗಡಿಯವರು ಒಪ್ಪಿದ್ದಾರೆ. ಅವ್ವ ಎರಡು ದಿನ ಬಿಟ್ಟುಕೊಡಲು ಒಪ್ಪುತ್ತಿಲ್ಲ.